ಹಡಗೋ ವಿಮಾನವೋ: ಲಕ್ಷದ್ವೀಪದ ಪ್ರಶ್ನೆ



ಮಳೆಗಾಲದಲ್ಲಿ ಹೊಳೆಯ ಸಂಕ ಕೊಚ್ಚಿಹೋದರೆ ಆಚೆ ದಡದ ರೋಗಿಯ ಪಾಡೇನೆಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅರಬ್ಬಿ ಸಮುದ್ರದ ಲಕ್ಷದ್ವೀಪದ ಜನ ಇಂಥ ಪ್ರಶ್ನೆಯನ್ನು ವರ್ಷವಿಡೀ ಎದುರಿಸುತ್ತಾರೆ. ಆ ದ್ವೀಪಗಳು ಕನ್ನಡನಾಡಿಗೆ ಅಪರಿಚಿತವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇಂದಿಗೂ ಮಂಗಳೂರಿನ ಹಳೆ ಬಂದರಿನ ಮಂಜಿಗಳು ತರಕಾರಿ, ದಿನಸಿ, ಕಟ್ಟಡ ಸಾಮಗ್ರಿಗಳನ್ನು ಹೊತ್ತು ಅತ್ತ ಸಾಗುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ಮಾತ್ರ ಅವು ದಡ ಬಿಡುವುದಿಲ್ಲ.

ಅಲ್ಲಿ ಜನವಸತಿಯಿರುವ ದ್ವೀಪಗಳು ಹತ್ತು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 64,000. ಒಟ್ಟು ನೆಲ 32 ಚದರ ಕಿಲೋಮೀಟರ್. ಹವಳದ ಮರಳಿನಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಅಕ್ಕಿ ಬರುವುದೂ ಕೊಬ್ಬರಿ ಹೋಗುವುದೂ ಕಡಲ ದಾರಿಯಲ್ಲೇ. ಆದ್ದರಿಂದ ಸರಕಿನ ಮಟ್ಟಿಗೆ ಚರ್ಚೆಗೆ ಅವಕಾಶವಿಲ್ಲ. ಚರ್ಚೆಯಿರುವುದು ಜನರ ಪ್ರಯಾಣದ ಬಗ್ಗೆ.

ಕೊಚ್ಚಿಯಿಂದ ಹೊರಟ ಹಡಗು ದ್ವೀಪ ಮುಟ್ಟಲು 14ರಿಂದ 18 ಗಂಟೆ ಬೇಕು. 1988ರಲ್ಲಿ ಅಗತ್ತಿಯಲ್ಲಿ ವಿಮಾನ ನಿಲ್ದಾಣವಾದ ಮೇಲೆ ಸುಮಾರು ಒಂದೂವರೆ ಗಂಟೆಯಲ್ಲಿ ತಲುಪಬಹುದಾಗಿದೆ. ಆದರೆ ವಿಮಾನ ಇಳಿಯುವುದು ಅಗತ್ತಿಯೊಂದರಲ್ಲೇ. ಬೇರೆ ದ್ವೀಪದವರು ಅಲ್ಲಿಂದ ಮುಂದೆ ಸಾಮಾನ್ಯವಾಗಿ ಕಡಲನ್ನೇ ಹಿಡಿಯಬೇಕು.

ಪರಿಸರದ ಲೆಕ್ಕವೇನು? ಬ್ರಿಟನ್ ಸರ್ಕಾರದ ಅಂದಾಜಿನಂತೆ, ವಾಹನವಿಲ್ಲದೆ ಹಡಗೇರಿದ ಪ್ರಯಾಣಿಕನ ಪಾಲಿಗೆ ಕಿಲೋಮೀಟರಿಗೆ ಸುಮಾರು 19 ಗ್ರಾಂ ಇಂಗಾಲ ಬರುತ್ತದೆ. ಕಾರಿನೊಡನೆ ಏರಿದವನ ಪಾಲು 130 ಗ್ರಾಂ. ದೇಶದೊಳಗಿನ ವಿಮಾನದಲ್ಲಿ, ಎತ್ತರದ ವಾಯುಮಂಡಲದ ಮೇಲಿನ ಪರಿಣಾಮವನ್ನೂ ಸೇರಿಸಿದರೆ, ಅದು 250 ಗ್ರಾಂ ಆಸುಪಾಸಿನಲ್ಲಿರುತ್ತದೆ. ಇವು ಬ್ರಿಟನ್ನಿನ ಅಂಕಿಗಳು. ಅರ್ಧ ಖಾಲಿ ಓಡುವ ಹಡಗಿನಲ್ಲಿ ತಲಾ ಪಾಲು ಇಮ್ಮಡಿಯಾಗುತ್ತದೆ. ವೇಗವೂ ಮುಖ್ಯ. ನೀರನ್ನು ಸೀಳಿ ಸಾಗುವ ಹಡಗಿನ ವೇಗ ಎರಡರಷ್ಟಾಗಬೇಕಾದರೆ ಸ್ಥೂಲವಾಗಿ ಎಂಟರಷ್ಟು ಶಕ್ತಿ ಬೇಕು. ಅಷ್ಟೇ ದೂರಕ್ಕೆ ನಾಲ್ಕರಷ್ಟು ಇಂಧನ ಉರಿಯುತ್ತದೆ. ಹಡಗಿನ ಮಿತವ್ಯಯದ ಗುಟ್ಟು ಅದರ ನಿಧಾನದಲ್ಲೇ ಇದೆ.

ಈ ಲೆಕ್ಕ ದ್ವೀಪವಾಸಿಗಳಿಗೆ ದೂರದ ಮಾತಲ್ಲ. ಅವರ ಕಾಲ ಕೆಳಗಿನ ನೆಲವೇ ಹವಳ ಕಟ್ಟಿದ್ದು. ಕಡಲು ಬಿಸಿಯೇರಿದ 1998, 2010, 2016ರಲ್ಲಿ ಅಲ್ಲಿಯ ಹವಳ ಬಿಳಿಚಿ ಅಪಾರವಾಗಿ ಸತ್ತಿತು. 2024ರಲ್ಲಿ ಮತ್ತೆ ಬಿಳಿಚಿತು. ದೊಡ್ಡ ವಿಮಾನ ಬೇಕೆಂದರೆ ಉದ್ದದ ರನ್‌ವೇ ಬೇಕು. ಅಗತ್ತಿಯಂಥ ಕಿರಿದಾದ ದ್ವೀಪದಲ್ಲಿ ಅದು ಕಡಲಿಗೇ ಚಾಚಬೇಕಾಗುತ್ತದೆ. ಹಡಗೂ ನಿರಪರಾಧಿಯಲ್ಲ. ಲಂಗರು, ಎಣ್ಣೆಯ ಸೋರಿಕೆ, ದಾರಿಗಾಗಿ ಹೂಳೆತ್ತುವುದು, ಇವೆಲ್ಲ ಹವಳಕ್ಕೆ ಹಾನಿಯೇ.

ಹಾಗೆಂದು ವಿಮಾನವೇ ಬೇಡವೆನ್ನುವುದು ನ್ಯಾಯವಲ್ಲ. ಅನೇಕ ದ್ವೀಪಗಳಲ್ಲಿ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಜನ ಓಲಾಡುವ ಸಣ್ಣ ದೋಣಿಗೆ ಇಳಿಯಬೇಕು. ಮುಂಗಾರಿನ ಅಲೆಗಳ ನಡುವೆ ಗರ್ಭಿಣಿಗೆ, ವೃದ್ಧರಿಗೆ ಅದು ಪ್ರಾಣಸಂಕಟ. ತೀವ್ರ ಅಸ್ವಸ್ಥರನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವಾಗ ಇಂಗಾಲದ ಲೆಕ್ಕ ಕೇಳುವುದು ಅಮಾನವೀಯ. ಭೂಮಿ ಬಿಸಿಯಾಗಲು ದ್ವೀಪದ ಬಡಜನ ಕಾರಣರೂ ಅಲ್ಲ.

ಆದ್ದರಿಂದ ಕೇಳಬೇಕಾದುದು ಯಾವ ವಾಹನವೆಂದಲ್ಲ, ಯಾರ ಪ್ರಯಾಣವೆಂದು. ರೋಗಿಗೆ ಆಕಾಶದ ದಾರಿ ಸದಾ ತೆರೆದಿರಬೇಕು. ಓದಿಗೆ, ವ್ಯಾಪಾರಕ್ಕೆ, ಬಂಧುಗಳ ಮನೆಗೆ ಹೋಗುವವರಿಗೆ ಮಿತವೇಗದ, ಸಮಯಕ್ಕೆ ಸರಿಯಾಗಿ ಹೊರಡುವ, ಸಾಕಷ್ಟು ಆಸನಗಳಿರುವ ಹಡಗು ಬೇಕು. ಬಿಡುವು ಮಾಡಿಕೊಂಡೇ ಹೊರಟ ಪ್ರವಾಸಿಗನಿಗೆ ಒಂದು ರಾತ್ರಿ ಕಡಲಿನಲ್ಲಿ ಕಳೆಯುವುದು ನಷ್ಟವಲ್ಲ. ಅವನ ಅವಸರಕ್ಕಾಗಿ ರನ್‌ವೇ ಹಿಗ್ಗಿಸಿ, ದ್ವೀಪದವರ ಹಡಗನ್ನು ಕಡೆಗಣಿಸಿದರೆ ಆ ಅಭಿವೃದ್ಧಿ ಯಾರದು? ಕಾಡಿನ ನಡುವೆ ಹೆದ್ದಾರಿಯ ನಕ್ಷೆ ಹಿಡಿದು ಬರುವವರಿಗೂ ಮಲೆನಾಡು ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ.