ನಿಜಲಿಂಗಪ್ಪನವರ ದಿನಚರಿ

(ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸಭೆಗಳಲ್ಲಿ ಮಾಡಿದ ಭಾಷಣ)



ಅಂಗಡಿಯ ಹಲಗೆ ಹಾಕುವ ಮುನ್ನ ಕಿರ್ದಿ ಬರೆಯುವುದು ನಿಮಗೆ ಹೊಸತಲ್ಲ. ಹಗಲು ಗಿರಾಕಿಯೊಡನೆ ಏನು ನಗೆಮಾತಾಡಿದರೂ ರಾತ್ರಿ ಕಿರ್ದಿಯಲ್ಲಿ ನಿಜವನ್ನೇ ಬರೆಯಬೇಕು. ರಾಜಕಾರಣಿಯ ದಿನಚರಿಯೂ ಅಂಥದೇ. ಇಂಗ್ಲೆಂಡಿನ ಲೇಬರ್ ಪಕ್ಷದ ಟೋನಿ ಬೆನ್ ದಶಕಗಳ ಕಾಲ ದಿನದ ವ್ಯವಹಾರವನ್ನು ದಾಖಲಿಸಿ, ತಾವು ಬದುಕಿರುವಾಗಲೇ ಅಚ್ಚು ಹಾಕಿಸಿದರು. ತಂದೆಯಿಂದ ಬಂದ ಪ್ರಭು ಪದವಿಯನ್ನು 1963ರಲ್ಲಿ ಬಿಸುಟವರು ಅವರು. ಉಪ್ಪಿನ ಸತ್ಯಾಗ್ರಹದ ವರ್ಷ ಆ ತಂದೆಯೇ ಇಂಡಿಯಾ ಮಂತ್ರಿ! ಅದಿರಲಿ, ನಮ್ಮಲ್ಲೂ ದಿನಚರಿ ಬರೆದ ಮುಖ್ಯಮಂತ್ರಿಯೊಬ್ಬರಿದ್ದರು.

ಎಸ್. ನಿಜಲಿಂಗಪ್ಪನವರು 1902ರಲ್ಲಿ ಹಲುವಾಗಲು ಗ್ರಾಮದಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು. ಮದ್ರಾಸಿನ ಆಡಳಿತದಲ್ಲಿದ್ದ ನಮ್ಮ ಜಿಲ್ಲೆ 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿತು, ಕಾಸರಗೋಡು ಕೈತಪ್ಪಿತು. ಏಕೀಕರಣಕ್ಕೆ ದುಡಿದವರಲ್ಲಿ ಅವರು ಮುಂದಾಳು. ಈ ಋಣವನ್ನು ವಿರೋಧಿಗಳಾದ ನಾವೂ ಒಪ್ಪಬೇಕು. 1962ರಲ್ಲಿ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿ ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರನ್ನು ಗೆಲ್ಲಿಸಿದರು. ಕಂಠಿಯವರು ಮೂರು ತಿಂಗಳು ಕುರ್ಚಿ ಕಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದು ಅದರಲ್ಲಿ ಕುಳಿತರು. ಸೋತವನೇ ಆಳುವ ಚೋದ್ಯ!

1968ರ ಹೊತ್ತಿಗೆ ಅವರು ಕಾಂಗ್ರೆಸ್ಸಿನ ಅಧ್ಯಕ್ಷರು. ಕಾಮರಾಜ್, ಅತುಲ್ಯ ಘೋಷ್, ಎಸ್. ಕೆ. ಪಾಟೀಲರು ಸೇರಿದ ಆ ಕೂಟಕ್ಕೆ 'ಸಿಂಡಿಕೇಟ್' ಎಂದು ಹೆಸರು. ನಮ್ಮ ಜಿಲ್ಲೆಯಲ್ಲಿ ಆ ಮಾತು ಕೇಳಿದರೆ ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡ ಉಡುಪಿಯ ಬ್ಯಾಂಕೇ ನೆನಪಾಗುತ್ತಿತ್ತು. ತಮಾಷೆಯೆಂದರೆ ಎರಡು ಸಿಂಡಿಕೇಟುಗಳಿಗೂ 1969ರಲ್ಲೇ ಪೆಟ್ಟು ಬಿತ್ತು.

ಆ ವರ್ಷ ಮಾರ್ಚಿ 12ರಂದು ನಿಜಲಿಂಗಪ್ಪನವರು ದಿನಚರಿಯಲ್ಲಿ, ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಮುಂದುವರಿಯಲು ಯೋಗ್ಯರೇ ಎಂಬ ಶಂಕೆಯನ್ನು ಬರೆದಿಟ್ಟರು. ಇತಿಹಾಸಕಾರರು ಅದನ್ನು ಉದ್ಧರಿಸಿದ್ದಾರೆ. ಏಪ್ರಿಲಿನಲ್ಲಿ ಮೊರಾರ್ಜಿಯವರೊಡನೆ ಅವರನ್ನು ಇಳಿಸುವ ಮಾತೂ ಆಯಿತು. ಮತ ಕೊಟ್ಟ ನಮ್ಮನ್ನು ಯಾರೂ ಕೇಳಲಿಲ್ಲ. ಜುಲೈ 19ರಂದು ಇಂದಿರಾ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ಮಂಗಳೂರಿನ ಕೆನರಾ, ಉಡುಪಿಯ ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಜೀವ ರೆಡ್ಡಿಯವರಿಗಾಗಿ ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷಗಳ ಬಾಗಿಲು ಬಡಿದರು. ಗಿರಿ ಗೆದ್ದರು. ನವೆಂಬರ್ 12ರಂದು ಇಂದಿರಾರನ್ನು ಉಚ್ಚಾಟಿಸಿದ್ದಾಯಿತು, ಪಕ್ಷ ಒಡೆಯಿತು.

ಇದರಿಂದ ಬೆಳ್ತಂಗಡಿಯ ಗೇಣಿ ಒಕ್ಕಲಿಗೇನು ಎಂದು ಕೇಳಬಹುದು. ನಿಜಲಿಂಗಪ್ಪನವರ ಕಾಲದಲ್ಲಿ, 1965ರಲ್ಲಿ, ಜಾರಿಗೆ ಬಂದ ಭೂಸುಧಾರಣಾ ಕಾನೂನಿನಲ್ಲಿ ಒಕ್ಕಲಿಗೆ ರಕ್ಷಣೆಯೂ ಇತ್ತು, ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯ ಜಮೀನು ಬಿಡಿಸಿಕೊಳ್ಳುವ ಕಂಡಿಯೂ ಇತ್ತು. ಪಕ್ಷ ಒಡೆದಾಗ ಇಂದಿರಾ ಪಾಳೆಯಕ್ಕೆ ಹೋದ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದರು. 1974ರ ಮಾರ್ಚಿ 1ರಿಂದ ಗೇಣಿಯೇ ರದ್ದು. ನಮ್ಮ ಹಿರಿಯರು ಡಿಕ್ಲರೇಶನ್ ಕಾಗದವನ್ನು ಅಂಗಿಯೊಳಗೆ ಮಡಚಿಟ್ಟುಕೊಂಡು ಟ್ರಿಬ್ಯೂನಲಿಗೆ ನಡೆದದ್ದು ಆಗ. ಆ ಕಾನೂನು ಯಾರೊಬ್ಬರ ದಾನವೂ ಅಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಜೈಲಿಗೆ ಹೋದರು, ಲೋಹಿಯಾರೂ ಅಲ್ಲಿ ಬಂಧಿತರಾದರು.

ನಿಜಲಿಂಗಪ್ಪನವರು 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತೀರಿಕೊಂಡರು. ತಮಗೆ ಮುಜುಗರ ತರುವ ಮಾತನ್ನೂ ಬರೆದಿಟ್ಟರಲ್ಲ, ಅದಕ್ಕಾಗಿ ನಾವು ಅವರನ್ನು ಮೆಚ್ಚುತ್ತೇವೆ.

ಮೂಡಬಿದಿರೆಯಲ್ಲಿ ಇಷ್ಟು ಹೇಳಿದಾಗ ಬೀಡಿ ಕಟ್ಟುವ ತಾಯಿಯೊಬ್ಬರು ಎದ್ದು, "ಗುತ್ತಿಗೆದಾರನ ಪುಸ್ತಕಕ್ಕೂ ನನ್ನ ಪುಸ್ತಕಕ್ಕೂ ತಾಳೆಯಿಲ್ಲ. ಅದನ್ನು ಯಾರು ಅಚ್ಚು ಹಾಕುತ್ತಾರೆ?" ಎಂದರು. ಸಭೆ ನಕ್ಕಿತು, ಅವರು ನಗಲಿಲ್ಲ. ಬರುವ ಆದಿತ್ಯವಾರ ಎಲ್ಲರೂ ತಮ್ಮ ತಮ್ಮ ಪುಸ್ತಕಗಳನ್ನು ಪಕ್ಷದ ಕಚೇರಿಗೆ ತರಬೇಕು. ನಾವು ಕುಳಿತು ಕೂಡಿಸಿ ನೋಡುತ್ತೇವೆ.