ಯಾವ ಊರಿನವರು?
(ಸಂಘದ ಕುಟುಂಬ ಪರಿಚಯ ಕೂಟದಲ್ಲಿ ಮಾಡಿದ ಭಾಷಣ)



ಪ್ರತಿ ಕೂಟದಲ್ಲಿಯೂ ಒಂದು ಕುಟುಂಬದವರು ಎದ್ದುನಿಂತು ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳಬೇಕೆಂದು ನಮ್ಮ ಕಾರ್ಯದರ್ಶಿಗಳು ಒಂದು ಪದ್ಧತಿಯನ್ನು ಹಾಕಿದ್ದಾರೆ. ಊರು, ಮನೆತನ, ಉದ್ಯೋಗ, ಹವ್ಯಾಸ, ಮನೆಯಲ್ಲಿ ಸಾಕಿದ ಪ್ರಾಣಿ, ಇಷ್ಟನ್ನೂ ಹೇಳತಕ್ಕದ್ದೆಂದು ಅವರ ಅಪ್ಪಣೆ. ಈ ಸಲ ಸರದಿ ನಮ್ಮ ಪಾಲಿಗೆ ಬಂದಿದೆ. ನಾವು, ನಾವು ಎಂದು ಹೇಳಿಕೊಳ್ಳುವುದನ್ನು ಕೇಳಿ ಇದೇನು ಜಂಬ ಎಂದು ತಾವು ಭಾವಿಸಬಾರದು. ಭಾಷಣವನ್ನು ಬರೆದವರು ನಾವಾದರೂ ಅದರಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿ ತಿದ್ದಿದವರು ನಮ್ಮ ಮನೆಯವರು. ಅವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಆದುದರಿಂದ ಬಹುವಚನವೇ ಕ್ಷೇಮ.

ಪಟ್ಟಿಯಲ್ಲಿ ಮೊದಲನೆಯದು ಊರು. ಕನ್ನಡಿಗರಿಬ್ಬರು ಈ ಮುಂಬಯಿಯ ಲೋಕಲ್ ಗಾಡಿಯಲ್ಲಿ ಎದುರುಬದುರಾದರೆ ಹೆಸರು ಕೇಳುವ ಮೊದಲು ಕೇಳುವುದೇ “ಯಾವ ಊರಿನವರು?” ಎಂದು. ಎಲ್ಲರಿಗೂ ಸುಲಭವಾದ ಈ ಪ್ರಶ್ನೆ ನಮಗೆ ಮಾತ್ರ ಬಹಳ ತೊಡಕಿನದಾಗಿ ಪರಿಣಮಿಸಿದೆ.

ನಾವು ಹುಟ್ಟಿದ್ದು 1948ರಲ್ಲಿ, ಬಾಗಲಕೋಟೆಯ ಹತ್ತಿರ ಘಟಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ. ಆಗ ಅದು ಬಿಜಾಪುರ ಜಿಲ್ಲೆ, ಮುಂಬಯಿ ಪ್ರಾಂತ. ಮೂರನೆಯ ಇಯತ್ತೆಯಲ್ಲಿದ್ದಾಗ, 1956ರ ನವೆಂಬರ್ 1ರಂದು, ಮಾಸ್ತರರು ಬೆಲ್ಲ ಪುಠಾಣಿ ಹಂಚಿ ಇಂದಿನಿಂದ ನಾವು ಮೈಸೂರು ರಾಜ್ಯದವರು ಎಂದು ಹೇಳಿದರು. ನಮಗೆ ಬೆಲ್ಲದ ನೆನಪೇ ಹೆಚ್ಚು. 1973ರಲ್ಲಿ ಅದೇ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1997ರಲ್ಲಿ ಬಾಗಲಕೋಟೆಯೇ ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ ಇದ್ದ ಜಾಗದಿಂದ ಒಂದು ಗೇಣೂ ಸರಿಯದೆ ನಮ್ಮ ಹಳ್ಳಿ ಮೂರು ರಾಜ್ಯಗಳ ಹೆಸರನ್ನೂ ಎರಡು ಜಿಲ್ಲೆಗಳ ಹೆಸರನ್ನೂ ಕಂಡಿತು. ಕಡೆಗೆ ಹಳ್ಳಿಯೇ ಸರಿಯಬೇಕಾಯಿತು.

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ್ ಬಹಾದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ನಮಗಾಗ ಹದಿನಾರು ವರ್ಷ. ನಮ್ಮ ಅಪ್ಪ, “ಅದು ಕಟ್ಟಿ ಮುಗಿಯೂದ್ರಾಗ ನಾವ ಇರೂದಿಲ್ಲ ಬಿಡು” ಎಂದು ನಕ್ಕಿದ್ದರು. ಅವರು ಹೇಳಿದ್ದೇ ನಿಜವಾಯಿತು. ಅವರು 1996ರಲ್ಲಿ ತೀರಿಕೊಂಡರು. ಆ ಮೇಲೆ ನೀರು ಬಂತು. ಹಿನ್ನೀರು ಕೃಷ್ಣೆಯ ದಂಡೆಗೆ ಮಾತ್ರ ನಿಲ್ಲದೆ ಘಟಪ್ರಭೆಯ ಪಾತ್ರದಲ್ಲಿಯೂ ಹಿಂದಕ್ಕೆ ಏರಿ, ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು. ಪೇಟೆಯ ಜನಕ್ಕೆ ನವನಗರ ಎದ್ದಿತು. ನಮ್ಮಂಥ ಹಳ್ಳಿಗಳಿಗೆ ಎತ್ತರದ ನೆಲದಲ್ಲಿ ಪುನರ್ವಸತಿ ಕೇಂದ್ರಗಳಾದವು. ಹಳೆಯ ಹೆಸರನ್ನೇ ಹೊಸ ಜಾಗಕ್ಕೆ ಹಚ್ಚಿದರು. ನೀರಾವರಿಯಿಂದ ಬಿಜಾಪುರ, ಕಲಬುರ್ಗಿ, ರಾಯಚೂರು ಕಡೆಯ ಬರಡು ನೆಲ ಹಸಿರಾಯಿತೆಂಬುದನ್ನು ನಾವು ಬಲ್ಲೆವು. ಆ ಅನ್ನವನ್ನು ಅಲ್ಲಗಳೆಯುವವರು ನಾವಲ್ಲ. ಆದರೆ “ಯಾವ ಊರು?” ಎಂದು ಕೇಳಿದವರಿಗೆ ಯಾವುದನ್ನು ತೋರಿಸೋಣ?

ಇನ್ನು ಕುಟುಂಬ. ನಮ್ಮ ಮನೆಯವರು ಕುಂದಾಪುರದ ಕಡೆಯವರು. 1974ರಲ್ಲಿ ಒಂದು ಕನ್ನಡ ನಾಟಕದ ತಾಲೀಮಿನಲ್ಲಿ ಪರಿಚಯವಾಗಿ ಮರುವರ್ಷ ಮದುವೆಯಾಯಿತು. ಘಟ್ಟದ ಮೇಲಿನವರಿಗೆ ಹೆಣ್ಣು ಕೊಡುವುದೇ ಎಂದು ಅವರ ಕಡೆಯಲ್ಲಿಯೂ, ರೊಟ್ಟಿ ಬಡಿಯಲು ಬಾರದವಳನ್ನು ತರುವುದೇ ಎಂದು ನಮ್ಮ ಕಡೆಯಲ್ಲಿಯೂ ಸಾಕಷ್ಟು ಮಾತಾಯಿತು. ಒಂದೇ ಮನೆಯಲ್ಲಿ ಎರಡು ಕನ್ನಡ. ನಾವು “ಬರ್ತೇನಿ” ಎಂದರೆ ಅವರು “ಬತ್ತೆ” ಎನ್ನುವರು. ಮಗಳು ಚಿಕ್ಕವಳಿದ್ದಾಗ ಇವೆರಡೂ ಬೇರೆ ಬೇರೆ ಭಾಷೆಗಳೆಂದು ನಂಬಿ, ಶಾಲೆಯಲ್ಲಿ ತನಗೆ ಐದು ಭಾಷೆ ಬರುತ್ತದೆಂದು ಹೇಳಿಕೊಂಡಿದ್ದಳು. ನಮ್ಮ ಮನೆಯವರು ಟೆಲಿಫೋನಿನ ಟ್ರಂಕ್ ವಿಭಾಗದಲ್ಲಿ ಕೆಲಸ ಮಾಡಿದವರು. ದೇಶದ ಯಾವ ಊರಿನ ಹೆಸರು ಹೇಳಿದರೂ ಅದರ ಸಂಖ್ಯೆಯನ್ನು ಈಗಲೂ ಬಾಯಿಪಾಠ ಒಪ್ಪಿಸಬಲ್ಲರು.

ಉದ್ಯೋಗದ ವಿಷಯದಲ್ಲಿ ನಮ್ಮದು ಎರಡು ದೋಣಿಯ ಪ್ರಯಾಣ. 1967ರಲ್ಲಿ ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಈ ನಗರಕ್ಕೆ ಬಂದು, ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಅರವತ್ತು ತುಂಬಿದ ಮೇಲೆ ನಿವೃತ್ತರಾದೆವು. ಅದು ಹೊಟ್ಟೆಗೆ. ಮನಸ್ಸಿಗೆ ಸಿಕ್ಕ ಕೆಲಸವೆಂದರೆ ಸಂಜೆಯ ಆರೂವರೆಯಿಂದ ಒಂಬತ್ತೂವರೆಯವರೆಗೆ ಕನ್ನಡ ರಾತ್ರಿಶಾಲೆಯಲ್ಲಿ ಮಾಡಿದ ಮಾಸ್ತರಿಕೆ. ಅದರ ಸಂಬಳ ರೈಲಿನ ಪಾಸಿಗೂ ಚಹಾಕ್ಕೂ ಸರಿಹೋಗುತ್ತಿತ್ತು.

ಈಗಿನ ತರುಣರಿಗೆ ರಾತ್ರಿಶಾಲೆಯೆಂದರೆ ಏನೆಂದು ಹೇಳಬೇಕಾದೀತು. ದಕ್ಷಿಣ ಕನ್ನಡದ ಹುಡುಗರು ಹತ್ತು ಹನ್ನೆರಡು ವರ್ಷಕ್ಕೇ ಯಾರದೋ ಕೈಹಿಡಿದು ಬಂದು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯಲು ನಿಲ್ಲುತ್ತಿದ್ದರು. ಹಗಲು ಕೆಲಸ, ಮಲಗಲು ಹೋಟೆಲಿನ ಮೇಜು. ಅವರಿಗಾಗಿ ಈ ಊರಿನ ಕನ್ನಡಿಗರು ಹಿಂದಿನಿಂದಲೇ ರಾತ್ರಿಶಾಲೆಗಳನ್ನು ನಡೆಸಿಕೊಂಡು ಬಂದಿದ್ದರು. ಮಾಲಕರಲ್ಲಿ ಕೆಲವರು ತಾವೇ ಅಲ್ಲಿ ಕಲಿತವರಾದ್ದರಿಂದ ಆರು ಗಂಟೆಗೆ ಹುಡುಗನನ್ನು ಬಿಡುತ್ತಿದ್ದರು. ಬಿಡದವರೂ ಇದ್ದರು, ಅಂಥವರ ಗಲ್ಲೆಯ ಮುಂದೆ ನಾವು ಒಂದು ಚಹಾ ಹಿಡಿದು ಗಂಟೆಗಟ್ಟಲೆ ಕುಳಿತದ್ದುಂಟು.

ಹುಡುಗರ ಅಂಗಿಯಿಂದ ಸಾಂಬಾರಿನ ವಾಸನೆ ಬರುತ್ತಿತ್ತು. ಬೆರಳ ಸಂದು ನೀರಿನಲ್ಲಿ ನೆನೆದು ಬಿಳಿಚಿಕೊಂಡು, ಸೀಮೆಸುಣ್ಣ ಹಿಡಿದರೆ ಉರಿಯುತ್ತದೆ ಎನ್ನುತ್ತಿದ್ದರು. ಎಂಟೂವರೆಯ ಹೊತ್ತಿಗೆ ಅರ್ಧ ತರಗತಿ ನಿದ್ದೆ. ಮೊದಲ ವರ್ಷ ನಾವು ಗದರಿಸಿ ಎಬ್ಬಿಸುತ್ತಿದ್ದೆವು. ನಮ್ಮ ಮುಖ್ಯೋಪಾಧ್ಯಾಯರು ಒಂದು ದಿನ ಹೊರಗೆ ಕರೆದು, “ಇಡೀ ದಿನದಲ್ಲಿ ಆ ಹುಡುಗ ಕೂರುವುದು ಇಲ್ಲಿ ಮಾತ್ರ, ಮಲಗಲಿ ಬಿಡಿ; ಎಚ್ಚರವಿರುವವನಿಗೆ ಪಾಠ ಹೇಳಿ” ಎಂದರು. ಅದಕ್ಕಿಂತ ಹೆಚ್ಚಿನ ಶಿಕ್ಷಣಶಾಸ್ತ್ರವನ್ನು ನಾವು ಯಾವ ಪುಸ್ತಕದಲ್ಲಿಯೂ ಓದಲಿಲ್ಲ.

ಹೊಸದಾಗಿ ಬಂದವರಿಗೆ ನಾವು ಹೇಳಿಕೊಡುತ್ತಿದ್ದ ಮೊದಲ ಪಾಠ ಅ ಆ ಇ ಈ ಅಲ್ಲ. ಕಾಗದದ ಮೇಲೆ ಮನೆಯ ವಿಳಾಸ ಬರೆಯುವುದು, ಆ ಮೇಲೆ ಮನಿಯಾರ್ಡರು ಫಾರಂ ತುಂಬುವುದು. ಹುಡುಗ ತಾನೇ ಬರೆದ ಮೊದಲ ಕಾಗದಕ್ಕೆ ತಾಯಿಯಿಂದ ಯಾರದೋ ಕೈಬರಹದಲ್ಲಿ ಉತ್ತರ ಬಂದ ದಿನ ಅವನನ್ನು ನೋಡಬೇಕು. ಆ ರಾತ್ರಿ ಅವನಿಗೆ ನಿದ್ದೆಯಿಲ್ಲ.

ಹಾಜರಿ ಪುಸ್ತಕದ ಕಷ್ಟ ಬೇರೆ. ಇಲ್ಲಿಯ ರೂಢಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬೇಕು. ಬಿಜಾಪುರ, ಧಾರವಾಡ ಕಡೆಯ ನಮಗೆ ಅದು ಹೊಸದಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರಿನವರೂ ನಮ್ಮಲ್ಲಿ ಮರ್ಯಾದೆಯಿಂದ ಬಾಳುತ್ತಾರೆ. ಕರಾವಳಿಯ ಹುಡುಗನಿಗೆ ಇದ್ದದ್ದು ಒಂದು ಹೆಸರು, ಅದರ ಮುಂದೆ ಒಂದು ಅಕ್ಷರ. “ಬಿ. ಎಂದರೆ ಏನೋ?” ಎಂದು ಕೇಳಿದರೆ “ಬೈಂದೂರು” ಎನ್ನುತ್ತಿದ್ದ. ಸರಿ, ಬೈಂದೂರನ್ನೇ ಅಡ್ಡಹೆಸರಾಗಿ ಬರೆದುಕೊಂಡೆವು. ಈಗ ಅವನ ಮೊಮ್ಮಕ್ಕಳ ಹೆಸರಿನ ಮುಂದೆಯೂ ಬೈಂದೂರು ಇದೆಯಂತೆ. ಅವರಲ್ಲಿ ಒಬ್ಬರೂ ಆ ಊರನ್ನು ನೋಡಿಲ್ಲ.

ಶಾಲೆ ಕ್ರಮೇಣ ಸೊರಗಿತು. ಊರಲ್ಲೇ ಒಳ್ಳೆಯ ಶಾಲೆಗಳಾದವು, ಚಿಕ್ಕ ಮಕ್ಕಳನ್ನು ದುಡಿಮೆಗೆ ಹಚ್ಚುವುದಕ್ಕೆ ಕಾನೂನು ಅಡ್ಡ ಬಂತು, ಕರಾವಳಿಯ ಹುಡುಗರು ಬರುವುದು ನಿಂತಿತು. ಇದು ದುಃಖಪಡುವ ವಿಷಯವೇ ಅಲ್ಲ. ಆದರೂ 2004ರಲ್ಲಿ ಕೊನೆಯ ಬಾರಿ ಬೀಗ ಹಾಕುವಾಗ ಕೈ ಸ್ವಲ್ಪ ನಡುಗಿತೆಂದು ಹೇಳದಿದ್ದರೆ ಸುಳ್ಳಾದೀತು. ಇಂದಿಗೂ ಕೆಲವು ಹೋಟೆಲುಗಳಲ್ಲಿ ಗಲ್ಲೆಯಲ್ಲಿ ಕುಳಿತವರು ಎದ್ದುನಿಂತು “ಮಾಷ್ಟ್ರೆ, ದುಡ್ಡು ಬೇಡ” ಎನ್ನುತ್ತಾರೆ. ಅದಕ್ಕಾಗಿಯೇ ಅಲ್ಲಿಗೆ ಹೋಗುತ್ತೇವೆಂದು ನಮ್ಮ ಮನೆಯವರ ಆರೋಪ.

ಸಾಕುಪ್ರಾಣಿಯ ವಿಷಯ ಹೇಳುವ ಮೊದಲು ಅವ್ವನ ವಿಷಯ ಹೇಳಬೇಕು. ಹಳ್ಳಿಗೆ ನೀರು ಬಂದ ಮೇಲೆ, 2001ರಲ್ಲಿ, ಅವ್ವನನ್ನು ನಾವು ಇಲ್ಲಿಗೆ ಕರೆತಂದೆವು. ಎರಡು ಇಲಕಲ್ಲ ಸೀರೆ, ಒಂದು ರೊಟ್ಟಿಯ ಹಂಚು, ಇಷ್ಟೇ ಅವಳ ಗಂಟು. ನೆರೆಯವರು ಯಾವ ಊರೆಂದು ಕೇಳಿದರೆ ಹಳ್ಳಿಯ ಹೆಸರು ಹೇಳಿ, “ನೀರಾಗ ಹೋಗೇತ್ರಿ” ಎಂದು ಸುಮ್ಮನಾಗುತ್ತಿದ್ದಳು. ಮರಾಠಿ ಬಾರದು, ಹಿಂದಿ ಬಾರದು. ನಾವಿಬ್ಬರೂ ಕಚೇರಿಗೆ ಹೋದರೆ ಹಗಲೆಲ್ಲ ಕಿಟಕಿಯ ಹತ್ತಿರ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ಬರಬರುತ್ತ ನಮ್ಮೊಡನೆಯೂ ಮಾತು ಕಡಿಮೆಯಾಯಿತು. ವೈದ್ಯರು ಪರೀಕ್ಷಿಸಿ, ರೋಗವೇನೂ ಇಲ್ಲವೆಂದರು.

2003ರಲ್ಲಿ ನಮ್ಮ ಸೋದರಮಾವನ ಮಗ ಮುಧೋಳದ ಕಡೆಯಿಂದ ಒಂದು ನಾಯಿಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಹೇಳದೆ ಕೇಳದೆ ಬಂದಿಳಿದ. ಮುಧೋಳದ ಬೇಟೆನಾಯಿಯನ್ನು ತಾವು ಬಲ್ಲಿರಿ. ಅಲ್ಲಿಯ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಮುತುವರ್ಜಿಯಿಂದ ಬೆಳೆಸಿದ ತಳಿ. 2016ರಲ್ಲಿ ನಮ್ಮ ಸೈನ್ಯದವರೂ ಈ ಮರಿಗಳನ್ನು ತರಬೇತಿಗೆಂದು ಮೀರತ್ತಿಗೆ ಒಯ್ದರು. ಬಯಲಿನಲ್ಲಿ ಮೊಲವನ್ನು ಅಟ್ಟಿ ಹಿಡಿಯುವ ಪ್ರಾಣಿಯನ್ನು ಎರಡು ಕೋಣೆಯ ಮನೆಯಲ್ಲಿ ಸಾಕುವುದು ಅವಿವೇಕವೇ ಸರಿ. ಹಿಂದಕ್ಕೆ ಕಳಿಸಬೇಕೆಂದು ನಾವು ನಿಶ್ಚಯಿಸಿದ್ದೆವು. ಅಷ್ಟರಲ್ಲಿ ಅವ್ವ ಅದಕ್ಕೆ ಚಿಗರಿ ಎಂದು ಹೆಸರಿಟ್ಟಾಗಿತ್ತು.

ಅಂದಿನಿಂದ ಮನೆಯಲ್ಲಿ ಮಾತು ಶುರುವಾಯಿತು. ಬೆಳಗಾದರೆ “ಬಾರವಾ ಚಿಗರಿ, ಕುಂಡ್ರು, ಹಾಲ ಕುಡಿ”. ಮುಂಜಾನೆ ಐದಕ್ಕೆ ನಾವು ಅದನ್ನು ಮೈದಾನಕ್ಕೆ ಕರೆದೊಯ್ದು ಓಡಿಸಬೇಕಾಗುತ್ತಿತ್ತು. ಓಡುತ್ತಿದ್ದದ್ದು ಅದು, ಏದುಸಿರು ನಮ್ಮದು. ಸೊಂಟ ಸಣ್ಣ, ಪಕ್ಕೆಲುಬು ಎಣಿಸಬಹುದು. ಈ ತಳಿಯ ಲಕ್ಷಣವೇ ಅದು. ಆದರೆ ಕಟ್ಟಡದವರು ನಾವು ನಾಯಿಗೆ ಅನ್ನ ಹಾಕುವುದಿಲ್ಲವೆಂದು ದೂರು ಕೊಟ್ಟರು. “ಕುಂಡ್ರು” ಎಂದರೆ ಕುಳಿತುಕೊಳ್ಳುವುದು; ನಮ್ಮ ಮನೆಯವರು “ಕೂಕೊ” ಎಂದರೆ ಅವರ ಮುಖ ನೋಡುವುದು. ನೆರೆಯ ಮರಾಠಿ ಹುಡುಗರು ಅದರೊಡನೆ ಆಡಲೆಂದು ಅವ್ವನಿಂದ ಹತ್ತು ಹನ್ನೆರಡು ಕನ್ನಡದ ಮಾತುಗಳನ್ನು ಕಲಿತರು. ಈ ನಗರದಲ್ಲಿ ಅವ್ವ ತೆರೆದದ್ದೂ ಒಂದು ಕನ್ನಡ ಶಾಲೆಯೇ.

ಮಾತು ಬಂದ ಮೇಲೆ ಅವಳ ಕೈಯೂ ಆಡತೊಡಗಿತು. ಕಸೂತಿಯನ್ನು ನಮ್ಮ ಮನೆಯವರಿಗೆ ಹೇಳಿಕೊಟ್ಟಳು. ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು, ದಾರಕ್ಕೆ ಗಂಟು ಹಾಕಬಾರದು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗಲು ಒಂದೇ ತೆರನಾಗಿ ಕಾಣಬೇಕು. ನೇಯ್ಗೆ, ಮೆಂತೆ ಬೇರೆ. ತೇರು, ಆನೆ, ಗೋಪುರ ಇವೆಲ್ಲ ಸೆರಗಿಗೆ ವಾಡಿಕೆಯವು. ಕೊನೆಗೆ ಹೊಲಿದದ್ದು ತುಳಸಿಕಟ್ಟೆ. ನಮ್ಮ ಮನೆಯ ಕಟ್ಟೆಗೆ ಒಂದು ಮೂಲೆ ಮುರಿದಿತ್ತು. ಸೆರಗಿನ ಕಟ್ಟೆಗೂ ಒಂದು ಮೂಲೆಯಿಲ್ಲ. ಎಳೆ ಎಣಿಸುವುದು ತಪ್ಪಿತೆಂದು ನಮ್ಮ ಮನೆಯವರು ಬಿಚ್ಚಲು ಹೋದರೆ ಅವ್ವ ಬಿಡಲಿಲ್ಲ. ಅವಳು 2009ರಲ್ಲಿ ತೀರಿಕೊಂಡಳು. ಚಿಗರಿ 2014ರವರೆಗೆ ಇತ್ತು. ಆ ಕಿಟಕಿಯ ಕೆಳಗೇ ಮಲಗುತ್ತಿತ್ತು. ಮತ್ತೆ ನಾಯಿ ಸಾಕಿಲ್ಲ.

ಉಳಿದದ್ದು ನಮ್ಮ ಹವ್ಯಾಸ. ಜನರು ಅಂಚೆಚೀಟಿ ಕೂಡಿಸುತ್ತಾರೆ. ನಾವು ಕೂಡಿಸುವುದು ಅದರ ಮೇಲಿನ ಮುದ್ರೆಯನ್ನು. ಚೀಟಿ ದೇಶಕ್ಕೆಲ್ಲ ಒಂದೇ, ಮುದ್ರೆ ಮಾತ್ರ ಊರಿಗೊಂದು. 2005ರ ಜನವರಿಯಲ್ಲಿ ಸರಕಾರದವರು ನಮ್ಮ ದೇಶದ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳದ ನಾಯಿಯೂ ಇತ್ತು. ಉತ್ಸಾಹದಿಂದ ಅವ್ವನಿಗೆ ತೋರಿಸಿದೆವು. ಬಹಳ ಹೊತ್ತು ನೋಡಿ, “ನಾಯಿದು ಬಂತು. ನಮ್ಮೂರದು ಯಾವಾಗ?” ಎಂದಳು.

ಆ ರಾತ್ರಿ ನಾವು ಅಪ್ಪನ ಹಳೆಯ ಕಾಗದಗಳನ್ನು ಹೊರತೆಗೆದೆವು. 1967ರಿಂದ 1996ರವರೆಗೆ ಬರೆದವು. ಹಿಂಬದಿಯಲ್ಲಿ ಅವರದೇ ಅಕ್ಷರದಲ್ಲಿ “ಮು. ಪೋ.” ಎಂದು ಹಳ್ಳಿಯ ಹೆಸರು, ಕೆಳಗೆ ತಾಲೂಕು, ಜಿಲ್ಲೆ, ಕಡೆಗೆ ಮೊದಮೊದಲು “ಮೈಸೂರ ರಾಜ್ಯ”, ಆ ಮೇಲೆ “ಕರ್ನಾಟಕ”. 1973ರ ಡಿಸೆಂಬರಿನ ಒಂದರಲ್ಲಿ ಮೈಸೂರ ಎಂದು ಬರೆದು, ಹೊಡೆದು, ತಿದ್ದಿದ್ದಾರೆ. ಪಕ್ಕದಲ್ಲಿ ಹಳ್ಳಿಯ ಅಂಚೆಯ ದುಂಡು ಮುದ್ರೆ. ಅವನ್ನೆಲ್ಲ ಕ್ರಮವಾಗಿ ಒಂದು ಆಲ್ಬಮ್ಮಿಗೆ ಹಚ್ಚಿದೆವು. ಅವ್ವನಿಗೆ ಓದಲು ಬಾರದು. ಮುದ್ರೆಯ ಮೇಲೆ ಬೆರಳಾಡಿಸಿ ಇದು ನಮ್ಮೂರು, ಇದು ನಮ್ಮೂರು ಎಂದು ಪುಟ ತಿರುವುತ್ತಿದ್ದಳು.

2019ರ ಮೇ ತಿಂಗಳಲ್ಲಿ ಹಿನ್ನೀರು ಬಹಳ ಕೆಳಗೆ ಇಳಿದಿದೆಯೆಂದು ಕೇಳಿ, ಮೊಮ್ಮಗನನ್ನು ಕರೆದುಕೊಂಡು ಹೋದೆವು. ಬಿರುಕುಬಿಟ್ಟ ಕೆಸರಿನಲ್ಲಿ ಮನೆಗಳ ಅಡಿಪಾಯ ಕಾಣುತ್ತಿತ್ತು. ಯಾವುದು ನಮ್ಮದೆಂದು ನಮಗೇ ಗುರುತು ಸಿಗಲಿಲ್ಲ. ಕಂಡುಹಿಡಿದವರು ಕುಂದಾಪುರದ ನಮ್ಮ ಮನೆಯವರು. ನೆಲದಲ್ಲಿ ಹುಗಿದ ಒರಳಿನಿಂದ. ಹೊಸ ಸೊಸೆಯಾಗಿ ಬಂದಾಗ ಅವರ ಬೆರಳು ಜಜ್ಜಿದ್ದು ಆ ಒರಳಿನಲ್ಲಿಯೇ ಅಂತೆ. ಮೊಮ್ಮಗ ಅದರೊಳಗಿನ ಹೂಳನ್ನು ಕೈಯಿಂದ ಬಗೆದು ತೆಗೆದ. ಅದೇ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂತು. ಆ ಒರಳು ಮತ್ತೆ ತುಂಬಿರಬೇಕು.

ಹಿಂದಿರುಗುವ ದಾರಿಯಲ್ಲಿ ಪುನರ್ವಸತಿ ಕೇಂದ್ರದ ಅಂಚೆಮನೆಗೆ ಹೋದೆವು. ಒಂದು ಇನ್‌ಲ್ಯಾಂಡ್ ಕಾಗದ ಕೊಂಡು, ಮುಂಬಯಿಯ ನಮ್ಮದೇ ವಿಳಾಸವನ್ನು ಮೊಮ್ಮಗನ ಕೈಯಿಂದ ಕನ್ನಡದಲ್ಲಿ ಬರೆಯಿಸಿದೆವು. ಅಂಚೆಯವರು ನಕ್ಕರು, ಆದರೂ ಮುದ್ರೆಯನ್ನು ಮಸಿಗೆ ಒತ್ತಿ, ಹಾಳೆಯ ಮೇಲೆ ಸ್ಪಷ್ಟವಾಗಿ ಮೂಡುವಂತೆ ಎರಡು ಸಲ ಕುಟ್ಟಿದರು. ಊರಿನ ಹೆಸರು ಅದೇ ಇದೆ. ಕಾಗದ ಏಳನೆಯ ದಿನ ನಮ್ಮ ಕೈಸೇರಿತು. ಆಲ್ಬಮ್ಮನ್ನು ಇಲ್ಲಿಗೆ ತಂದಿದ್ದೇವೆ. ಚಹಾದ ವೇಳೆಯಲ್ಲಿ ಬಾಗಿಲ ಹತ್ತಿರದ ಮೇಜಿನ ಮೇಲಿಡುತ್ತೇವೆ, ನೋಡುವವರು ದಯವಿಟ್ಟು ಕೈ ಒರೆಸಿಕೊಂಡು ಮುಟ್ಟಬೇಕು.