ಹಳೆಯ ಟ್ರಕ್ಕಿನ ಉಸಿರು

ಎಂಜಿನ್ನಿನ ಶಕ್ತಿಯ ಮಾತು ಬಂದಾಗ ಅದು ಎಷ್ಟು ಕುಡಿಯುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಉಸಿರನ್ನು ಹೇಗೆ ಹೊರಬಿಡುತ್ತದೆ ಎಂದು ಕೇಳುವವರು ವಿರಳ. ಅಮೆರಿಕದಲ್ಲಿ ಐವತ್ತು ಅರುವತ್ತು ವರ್ಷ ಹಳೆಯ ಪಿಕಪ್ ಟ್ರಕ್ಕುಗಳನ್ನು ಇಂದಿಗೂ ದುಡಿಸುತ್ತಿರುವವರಿಗೆ ಈ ಎರಡನೆಯ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಎಂಜಿನ್ನಿಗೆ ಅಂಟಿಕೊಂಡಿರುವ ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದು ದಿನ ಬಿರುಕುಬಿಡುತ್ತದೆ. ಕಾರ್ಖಾನೆಯ ಮಾದರಿಯದನ್ನೇ ಹುಡುಕಿ ಹಾಕಿಸಬೇಕೋ, ಬೇರೆ ತಯಾರಕರು ಮಾರುವ, ಉಕ್ಕಿನ ಕೊಳವೆಗಳ ‘ಹೆಡರ್’ ಕೊಳ್ಳಬೇಕೋ? ಹಣವೂ, ದುಡಿಯುವ ವಾಹನದ ಆಯುಷ್ಯವೂ ಈ ಆಯ್ಕೆಯನ್ನು ಅವಲಂಬಿಸಿವೆ.

ಸುಟ್ಟ ಅನಿಲ ತೊರೆಯಂತೆ ಒಂದೇ ಸಮನೆ ಹರಿಯುವುದಿಲ್ಲ. ಹೊಡೆತ ಹೊಡೆತವಾಗಿ ಹೊರಬೀಳುತ್ತದೆ. ನಿಮಿಷಕ್ಕೆ ೨,೦೦೦ ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ೧,೦೦೦ ಸಲ ಉಸಿರು ಬಿಡುತ್ತದೆ. ಮ್ಯಾನಿಫೋಲ್ಡಿನಲ್ಲಿ ಒಂದು ಬದಿಯ ಸಿಲಿಂಡರುಗಳೆಲ್ಲ ಒಂದೇ ಮೋಟು ಪಡಸಾಲೆಗೆ ಬಾಗಿಲು ತೆರೆದಿರುತ್ತವೆ. ೧೯೫೫ರಲ್ಲಿ ಬಂದ ಷೆವ್ರೊಲೆ ಕಂಪನಿಯ ಚಿಕ್ಕ ವಿ-೮ ಎಂಜಿನ್ನನ್ನೇ ನೋಡೋಣ. ಅದರ ಸಿಲಿಂಡರುಗಳು ಉರಿಯುವ ಕ್ರಮ ೧-೮-೪-೩-೬-೫-೭-೨. ಬೆಸ ಸಂಖ್ಯೆಯವೆಲ್ಲ ಎಡಬದಿಯವು. ಆದುದರಿಂದ ಆ ಬದಿಯಲ್ಲಿ ಐದರ ಬೆನ್ನಿಗೇ ಏಳು. ಐದರ ಕವಾಟ ಮುಚ್ಚುವ ಮೊದಲೇ ಏಳರ ಉಸಿರು ನುಗ್ಗುತ್ತದೆ. ಜಾತ್ರೆಯ ದಿನ ಗುಡಿಯ ಕಿರುಬಾಗಿಲಲ್ಲಿ ಇಬ್ಬರು ಒಮ್ಮೆಗೇ ಹೊರಟಂತೆ, ಇಬ್ಬರಿಗೂ ತಡೆ.

ಹೆಡರ್ ಒಂದೊಂದು ಸಿಲಿಂಡರಿಗೂ ಒಂದೊಂದು ಕೊಳವೆ ಕೊಟ್ಟು, ಸ್ವಲ್ಪ ದೂರದಲ್ಲಿ ಅವುಗಳನ್ನು ಕೂಡಿಸುತ್ತದೆ. ವೇಗವಾಗಿ ಓಡುವ ಹೊಡೆತ ತನ್ನ ಹಿಂದೆ ಕಡಮೆ ಒತ್ತಡವನ್ನು ಬಿಟ್ಟುಹೋಗುತ್ತದೆ. ಒಳಬರುವ ಮತ್ತು ಹೊರಹೋಗುವ ಕವಾಟಗಳೆರಡೂ ತೆರೆದಿರುವ ಒಂದು ಕ್ಷಣದಲ್ಲಿ ಆ ಸೆಳೆತ ಅಳಿದುಳಿದ ಅನಿಲವನ್ನು ಹೀರಿ, ಹೊಸ ಮಿಶ್ರಣಕ್ಕೆ ಎಡೆಮಾಡಿಕೊಡುತ್ತದೆ. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಆದರೆ ಲಾಭ ಯಾವ ವೇಗದಲ್ಲಿ ದೊರೆಯುತ್ತದೆಂಬುದನ್ನು ಕೊಳವೆಯ ಉದ್ದವೂ ಅಗಲವೂ ನಿರ್ಧರಿಸುತ್ತವೆ. ಎಂಜಿನ್ ಜೋರಾಗಿ ತಿರುಗಿದಾಗ ಅದು ಹೆಚ್ಚು ಎದ್ದು ಕಾಣುತ್ತದೆ. ಹುಲ್ಲಿನ ಹೊರೆ ಹೊತ್ತು ದಿಣ್ಣೆ ಹತ್ತುವ ಟ್ರಕ್ಕು ದಿನದ ಬಹುಭಾಗವನ್ನು ಕಡಮೆ ಸುತ್ತುಗಳಲ್ಲೇ ಕಳೆಯುತ್ತದೆ. ಅಂಥದಕ್ಕೆ ಅತಿ ಅಗಲದ ಕೊಳವೆ ಹಾಕಿದರೆ ಅನಿಲ ನಿಧಾನವಾಗಿ, ಆ ಸೆಳೆತವೂ ಸೊರಗುತ್ತದೆ.

ಕೊಟ್ಟ ಬೆಲೆಯ ಜೊತೆಗೆ ತೆರಬೇಕಾದ ಇತರ ಬೆಲೆಗಳೂ ಉಂಟು. ಸಾಮಾನ್ಯವಾಗಿ ಹೆಡರಿನ ಉಕ್ಕು ಒಂದೂವರೆ ಮಿಲಿಮೀಟರಿನಷ್ಟು ತೆಳು. ಅದರ ಬಿಸಿ ಪಕ್ಕದ ಸ್ಟಾರ್ಟರ್ ಮೋಟರಿಗೂ ಪ್ಲಗ್ಗಿನ ತಂತಿಗಳಿಗೂ ತಗಲುತ್ತದೆ. ಕಾದು ಆರುವ ಆಟದಲ್ಲಿ ಬೋಲ್ಟುಗಳು ಸಡಿಲಗೊಂಡು ಗ್ಯಾಸ್ಕೆಟ್ಟು ಸೋರುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ತೆಳು ಉಕ್ಕನ್ನು ಬೇಗ ತಿನ್ನುತ್ತದೆ. ಕಾರ್ಬೊರೇಟರ್ ಕಾಲದ ಅನೇಕ ಮ್ಯಾನಿಫೋಲ್ಡುಗಳ ಬಳಿ ಒಂದು ಪುಟ್ಟ ಕವಾಟವಿರುತ್ತದೆ; ಎಂಜಿನ್ ತಣ್ಣಗಿರುವಾಗ ಅದು ಬಿಸಿ ಅನಿಲವನ್ನು ಕಾರ್ಬೊರೇಟರಿನ ಅಡಿಗೆ ತಿರುಗಿಸಿ ಪೆಟ್ರೋಲು ಆವಿಯಾಗಲು ನೆರವಾಗುತ್ತದೆ. ಹೆಡರ್ ಹಾಕಿದಾಗ ಸಾಮಾನ್ಯವಾಗಿ ಈ ಉಪಕಾರ ತಪ್ಪುತ್ತದೆ. ಕೊರೆಯುವ ಚಳಿಯ ಮುಂಜಾವಿನಲ್ಲಿ ಹೊಲಕ್ಕೆ ಹೊರಡಬೇಕಾದವನಿಗೆ ಇದು ಸಣ್ಣ ನಷ್ಟವಲ್ಲ.

ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಫೋರ್ಡ್ ಕಂಪನಿಯ ೩೦೦ ಘನ ಅಂಗುಲದ ಆರು ಸಿಲಿಂಡರಿನ ಎಂಜಿನ್ ೧೯೬೫ರಿಂದ ೧೯೯೬ರವರೆಗೆ ಟ್ರಕ್ಕುಗಳಲ್ಲಿ ದುಡಿಯಿತು. ೧೯೮೭ರ ಮಾದರಿಯಿಂದ ಅದಕ್ಕೆ ಇಂಧನವನ್ನು ಚಿಮ್ಮಿಸುವ ವ್ಯವಸ್ಥೆಯ ಜೊತೆಗೆ ಮೂರು ಮೂರು ಸಿಲಿಂಡರುಗಳಿಗೆ ಒಂದರಂತೆ ಎರಡು ಎರಕದ ಮ್ಯಾನಿಫೋಲ್ಡುಗಳು ಬಂದವು. ಅದರ ಉರಿಯುವ ಕ್ರಮ ೧-೫-೩-೬-೨-೪. ಮುಂದಿನ ಗುಂಪಿನದೊಂದು, ಹಿಂದಿನ ಗುಂಪಿನದೊಂದು. ಹೀಗಾಗಿ ಒಂದೇ ಗುಂಪಿನ ಹೊಡೆತಗಳ ನಡುವೆ ಸಮನಾದ ಬಿಡುವು ಸಿಕ್ಕಿ, ತಾಕಲಾಟ ತಗ್ಗುತ್ತದೆ. ಹಳೆಯ ಟ್ರಕ್ಕಿನವರು ಗುಜರಿಯಿಂದ ಇವನ್ನೇ ತಂದು ಜೋಡಿಸುವುದುಂಟು. ಕಾರ್ಬೊರೇಟರಿಗೆ ಶಾಖ ಒದಗಿಸುವ ಬೇರೆ ಉಪಾಯ ಮಾಡಿಕೊಂಡರೆ ಎರಕದ ಬಾಳಿಕೆಯೂ ಸಲೀಸು ಉಸಿರೂ ಒಟ್ಟಿಗೆ ದಕ್ಕುತ್ತವೆ.

ಉಸಿರಾಡುವುದು ಎಂಜಿನ್ ಒಂದೇ ಅಲ್ಲ, ಊರೂ ಉಸಿರಾಡಬೇಕು. ಕ್ಯಾಲಿಫೋರ್ನಿಯದಲ್ಲಿ ೧೯೭೬ ಮತ್ತು ಆನಂತರದ ಮಾದರಿಯ ಪೆಟ್ರೋಲ್ ವಾಹನಗಳು ಹೊಗೆ ಪರೀಕ್ಷೆಗೆ ಒಳಪಡುತ್ತವೆ. ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆಯಿಲ್ಲದ ಹೆಡರ್ ಅಂಥ ವಾಹನಕ್ಕೆ ಸಲ್ಲದು. ತೆಳು ಕೊಳವೆ ಸದ್ದನ್ನು ಹೆಚ್ಚಿಸುವುದರಿಂದ ನೆರೆಹೊರೆಯವರ ನಿದ್ರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ಅಭಿಪ್ರಾಯವನ್ನು ಕೇಳಿದರೆ ಇಷ್ಟು ಹೇಳಿಯೇನು: ಎಂಜಿನ್ನಿನ ಇತರ ಭಾಗಗಳನ್ನೂ ಮಾರ್ಪಡಿಸಿ, ಅದನ್ನು ವೇಗವಾಗಿ ತಿರುಗಿಸುವವನಿಗೆ, ಕಾನೂನಿನ ಮೇರೆಯೊಳಗೆ, ಹೆಡರ್ ನ್ಯಾಯವಾದ ಆಯ್ಕೆ. ಹೊರೆ ಹೊರುವ ಟ್ರಕ್ಕಿಗೆ ಬಿರುಕಿಲ್ಲದ ಎರಕದ ಮ್ಯಾನಿಫೋಲ್ಡೇ ಸಾಕು; ಉಳಿದ ಹಣ ಬ್ರೇಕಿಗೂ ಟೈರಿಗೂ ಹೋಗಲಿ. ಕೊಳ್ಳುವ ಮೊದಲು ತನ್ನ ಟ್ರಕ್ಕು ದಿನವಿಡೀ ಯಾವ ಕೆಲಸ ಮಾಡುತ್ತದೆಂದು ಒಡೆಯ ಗಮನಿಸಿದರೆ, ಉತ್ತರ ಅಂಗಡಿಗೆ ಹೋಗುವ ಮುನ್ನವೇ ಅವನಿಗೆ ಹೊಳೆದಿರುತ್ತದೆ.